ಕರೆಂಟಿಲ್ಲದ ಡಬ್ಬಿಯ ಉಪಕಾರ

ನಮ್ಮ ಮನೆಗೆ ಬಂದವರು ಕೂತ ಸ್ವಲ್ಪ ಹೊತ್ತಿಗೇ ಕೈ ಹಾಕುವುದು ಒಂದೇ ವಸ್ತುವಿಗೆ. ಟೀಪಾಯಿಯ ಮೇಲೆ ಖರ್ಜೂರದ ಬಟ್ಟಲಿನ ಪಕ್ಕ ಒಂದು ಕಪ್ಪು ಡಬ್ಬಿ ಇದೆ. ಅಂಗೈಯಷ್ಟು ಅಗಲ, ನೆತ್ತಿಯ ಮೇಲೆ ಲಿಂಬೆಹಣ್ಣಿನ ಗಾತ್ರದ ಅಲ್ಯೂಮಿನಿಯಮ್ ಗುಂಡಿ. ಅದಕ್ಕೆ ವೈರಿಲ್ಲ, ದೀಪವಿಲ್ಲ, ತಿರುಗಿಸಿದರೆ ಏನೂ ಆಗುವುದಿಲ್ಲ. ಆದರೂ ಬ್ಯಾಂಕಿನ ದೊಡ್ಡ ಹುದ್ದೆಯವರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಮಗುವಿನವರೆಗೆ ಎಲ್ಲರೂ ಅದನ್ನು ಅತ್ತ ಇತ್ತ ತಿರುಗಿಸುತ್ತಲೇ ಮಾತಾಡುತ್ತಾರೆ. ಆ ಗುಂಡಿ ಅಷ್ಟು ನಯವಾಗಿ ತಿರುಗುತ್ತದೆ.

"ಇದು ಎಂತದ್ದು?" ಎಂದು ಯಾರಾದರೂ ಕೇಳಿಬಿಟ್ಟರೆ ನನ್ನ ಹೆಂಡತಿ ವಾಸಂತಿ ಅಡುಗೆಮನೆಯಿಂದಲೇ ಎಚ್ಚರಿಸುತ್ತಾಳೆ. "ಅವರ ಹತ್ರ ಅದೊಂದು ಕೇಳ್ಬೇಡಿ ಮಾರಾಯ್ರೆ. ಶುರು ಮಾಡಿದ್ರೆ ನಿಮಗೆ ರಾತ್ರಿ ಊಟವೂ ಇಲ್ಲಿಯೇ."

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೋದ ವರ್ಷ ನನ್ನ ಎಡಗಿವಿ ನನಗೆ ಹೇಳದೆ ಕೇಳದೆ ಹೊರಟು ನಿಂತಿತ್ತು. ಅದನ್ನು ಬಾಗಿಲಲ್ಲೇ ತಡೆದು ವಾಪಸು ಕರೆತಂದವರಲ್ಲಿ ಒಬ್ಬ ಗೆಳೆಯ ಇದ್ದಾನೆ, ಒಬ್ಬ ಡಾಕ್ಟರಮ್ಮ ಇದ್ದಾರೆ, ಇರುವ ಒಬ್ಬಳೇ ಹೆಂಡತಿ ಇದ್ದಾಳೆ. ಅವರ ಜೊತೆಗೆ ಈ ಡಬ್ಬಿಯೂ ಇದೆ.

ಮೊದಲು ಇದರ ಕೆಲಸ ಹೇಳಬೇಕು. ಹಗಲೆಲ್ಲ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಕಿಟಕಿ ಚೌಕಟ್ಟುಗಳನ್ನು ಯಾವ ಲಾರಿಗೆ ಹತ್ತಿಸಬೇಕೆಂದು ನೋಡಿಕೊಳ್ಳುವ ಮನುಷ್ಯ. ಸಂಜೆ ಮನೆಗೆ ಬಂದು ಅಂಗಿ ಬದಲಿಸಿದ ಮೇಲೆ ಸೌಂಡ್ ಇಂಜಿನಿಯರ್. ಈ ಎರಡನೆಯ ಪದವಿಯನ್ನು ನಾನೇ ನನಗೆ ಕೊಟ್ಟುಕೊಂಡದ್ದು. ಊದ್ ಮೇಥಾ ಬಡಾವಣೆಯ ಸಭಾಂಗಣದಲ್ಲಿ ನಮ್ಮ ಕರಾವಳಿಯವರ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ. ಅದಕ್ಕೆ ಬೇಕಾದ ಗುಡುಗು, ಕಾಗೆ, ಬಸ್ಸಿನ ಹಾರ್ನು ಎಲ್ಲ ನನ್ನ ಇಲಾಖೆ. ಒಂದು ಸಲ ನನ್ನ ಮಳೆಗೆ ಜನ ಚಪ್ಪಾಳೆ ತಟ್ಟಿದ್ದರು. ವಾಸಂತಿ ಹಪ್ಪಳ ಕರಿಯುವಾಗ ಬಾಣಲೆಯ ಹತ್ತಿರ ಮೈಕು ಹಿಡಿದು ಸಂಪಾದಿಸಿದ ಮಳೆ ಅದು. ಎಣ್ಣೆ ಸಿಡಿದ ಗುರುತು ಮುಂಗೈಯಲ್ಲಿ ಈಗಲೂ ಇದೆ.

ಈ ಸದ್ದುಗಳನ್ನು ಜೋಡಿಸಲು ನನ್ನಲ್ಲಿ ಎರಡು ಸ್ಟುಡಿಯೋ ಮಾನಿಟರ್‌ಗಳಿವೆ. ಸಾಧಾರಣ ಸ್ಪೀಕರು ನಮ್ಮನ್ನು ಖುಷಿಪಡಿಸಲು ಸ್ವಲ್ಪ ಬಣ್ಣ ಹಚ್ಚಿ ಹಾಡುತ್ತದೆ. ಮಾನಿಟರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಇದರ ಸದ್ದಿನ ಗುಂಡಿ ಇರುವುದು ಬೆನ್ನಿನಲ್ಲಿ, ಎರಡಕ್ಕೂ ಬೇರೆ ಬೇರೆ. ಪ್ರತಿ ಸಲ ಗೋಡೆಯ ಸಂದಿಗೆ ಕೈ ತೂರಿಸಿ ಎರಡನ್ನೂ ಸಮ ಮಾಡುವುದು ಆಗಹೋಗುವ ಮಾತಲ್ಲ. ಆದ್ದರಿಂದ ಕಂಪ್ಯೂಟರಿಗೂ ಸ್ಪೀಕರುಗಳಿಗೂ ನಡುವೆ ಕೈಗೆಟಕುವಲ್ಲಿ ಒಂದು ವಾಲ್ಯೂಮ್ ಕಂಟ್ರೋಲರ್ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಎರಡು ಬಗೆ. ಪ್ಯಾಸಿವ್ ಎಂಬುದಕ್ಕೆ ಕರೆಂಟು ಬೇಡ. ಅದು ಬಚ್ಚಲಿನ ನಲ್ಲಿಯ ಹಾಗೆ, ಬಂದದ್ದನ್ನು ತಡೆದು ಕಡಿಮೆ ಮಾಡಿ ಬಿಡುವುದಷ್ಟೇ ಗೊತ್ತು. ಆಕ್ಟಿವ್ ಎಂಬುದಕ್ಕೆ ಕರೆಂಟು ಬೇಕು. ಅದು ಪಂಪಿನ ಹಾಗೆ, ತಡೆಯಲೂ ಗೊತ್ತು, ನೂಕಲೂ ಗೊತ್ತು. ಉದ್ದದ ವೈರಿದ್ದರೂ ದಣಿಯುವುದಿಲ್ಲ. ಆದರೆ ತನ್ನದೇ ಒಂದು ಸಣ್ಣ ಸುಯ್ ಸದ್ದನ್ನೂ ಜೊತೆಗೆ ಸೇರಿಸುವ ಸಾಧ್ಯತೆ ಉಂಟು.

ನಾನು ಹುಟ್ಟಾ ಪ್ಯಾಸಿವ್ ಪಕ್ಷದವನು. ಏನನ್ನೂ ಸೇರಿಸದ ವಸ್ತುವಿನ ಮೇಲೆ ನನಗೆ ಭಕ್ತಿ. ಆಕ್ಟಿವ್ ಪಕ್ಷದವನು ಮೊಯ್ದಿನ್. ಅವನು ಉಳ್ಳಾಲದ ಬ್ಯಾರಿ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಸೌಂಡ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಈ ದೇಶಕ್ಕೆ ಹೊಸದಾಗಿ ಬಂದಾಗ ಅದೇ ಬೀದಿಯ ಹಿಂದಿನ ಕಟ್ಟಡವೊಂದರಲ್ಲಿ ನಾವಿಬ್ಬರೂ ಒಂದೇ ಎರಡಂತಸ್ತಿನ ಮಂಚದ ಕೆಳಗು ಮೇಲಿನವರಾಗಿದ್ದೆವು.

"ಕರೆಂಟ್ ಇಲ್ಲದ ಡಬ್ಬಿ ಹೊಗಳಿ ಹೊಗಳಿ ನನ್ನ ಯಾಪಾರ ಖಲಾಸ್ ಮಾಡ್ತೀರಿ ನೀವು" ಎನ್ನುತ್ತಿದ್ದ ಮೊಯ್ದಿನ್. "ತೀರಾ ಸಣ್ಣ ಸೌಂಡಲ್ಲಿ ಇಟ್ರೆ ಅದ್ರದ್ದು ಎಡ ಬಲ ಸಮ ಬರುದಿಲ್ಲ. ಗೊತ್ತುಂಟಲ್ಲ?"

ಗೊತ್ತಿತ್ತು. ಪ್ಯಾಸಿವ್ ಡಬ್ಬಿಯ ಒಂದೇ ಗುಂಡಿಯ ಒಳಗೆ ಎಡಕ್ಕೊಂದು ಬಲಕ್ಕೊಂದು ಹಾದಿ. ಗುಂಡಿಯನ್ನು ತುಂಬ ಕೆಳಗೆ ಇಳಿಸಿದಾಗ ಎರಡೂ ಒಂದೇ ಹೆಜ್ಜೆ ಹಾಕುವುದಿಲ್ಲ. ಒಂದು ಕಡೆ ಸದ್ದು ಸೊರಗುತ್ತದೆ. ಆದರೆ ನಮ್ಮವರ ಕುಂದು ನಮಗೆ ಕುಂದಾಗಿ ಕಾಣುತ್ತದೆಯೇ? "ಅದು ಅದರ ಸ್ವಭಾವ" ಎಂದು ನಾನು ಮೂಗು ಮುರಿದು ಮಾತು ಮುಗಿಸುತ್ತಿದ್ದೆ.

ಸಣ್ಣ ಸದ್ದಿನಲ್ಲಿ ಕೇಳುವುದು ನನಗೆ ಅಪ್ಪನ ಅಂಗಡಿಯಲ್ಲೇ ಆದ ಅಭ್ಯಾಸ. ಪಡುಬಿದ್ರಿ ಪೇಟೆಯಲ್ಲಿ ಅಪ್ಪನದು ಟೈಲರ್ ಅಂಗಡಿ. ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಒಂದು ರೇಡಿಯೋ. ಗಿರಾಕಿ ತೋಳಿನ ಅಳತೆಯ ಬಗ್ಗೆ ಹೇಳುವ ಮಾತು ಕಿವಿಗೆ ಬೀಳಬೇಕು, ಯಂತ್ರದ ಸೂಜಿ ಮುರಿದರೂ ಗೊತ್ತಾಗಬೇಕು, ಅದರ ಮೇಲೆ ಉಳಿದ ಜಾಗದಲ್ಲಿ ರೇಡಿಯೋ ಹಾಡಬಹುದು. ಅದಕ್ಕೆಂದೇ ಗುಂಡಿಯ ಪಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಅದನ್ನು ದಾಟುವಂತಿಲ್ಲ. ನನ್ನ ಅಕ್ಕ ಆ ಗೆರೆಯನ್ನು ಹೆಬ್ಬೆರಳಿನಲ್ಲಿ ಒರೆಸಿ ಕೂದಲೆಳೆಯಷ್ಟು ಮೇಲೆ ಮತ್ತೆ ಎಳೆಯುತ್ತಿದ್ದಳು. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಗೆರೆ ಗುಂಡಿಯ ನೆತ್ತಿಗೆ ಬಂದಿತ್ತು. ಅಪ್ಪ ಕನ್ನಡಕ ಏರಿಸಿ ನೋಡಿ, "ಈ ಗೆರೆಗೂ ಕಾಲು ಬಂದಿದೆ" ಎಂದು ಒರೆಸಿ ಮೊದಲಿನ ಜಾಗದಲ್ಲೇ ಎಳೆದರು. ಬೈಯಲಿಲ್ಲ. ಅಪ್ಪನಿಗೆ ಬೈಗುಳವನ್ನೂ ಆ ಗೆರೆಯೊಳಗೇ ಇಟ್ಟು ರೂಢಿ.

ಅಬುಧಾಬಿಯ ಆ ಕೋಣೆಯಲ್ಲಿ ಆ ಅಭ್ಯಾಸ ಇನ್ನೂ ಗಟ್ಟಿಯಾಯಿತು. ಬೆಡ್‌ಸ್ಪೇಸ್ ಎಂದರೆ ಬಾಡಿಗೆಗೆ ಸಿಗುವುದು ಮಂಚವಷ್ಟೇ. ಗೋಡೆ, ಗಾಳಿ, ನಿದ್ದೆ ಎಲ್ಲ ಹಂಚಿಕೆಯಲ್ಲಿ. ಯಾವ ಹೊತ್ತಿನಲ್ಲೂ ಪಾಳಿ ಮುಗಿಸಿ ಬಂದ ಯಾರಾದರೊಬ್ಬ ಮಲಗಿರುತ್ತಿದ್ದ. ಹಾಗಾಗಿ ನಾವು ಚಮಚ ಸದ್ದು ಮಾಡದಂತೆ ಚಾ ಕಲಕಲು ಕಲಿತೆವು, ಊರಿನ ಫೋನು ಬಂದರೆ ಕಂಬಳಿಯೊಳಗೆ ಹೋಗಿ ಮಾತಾಡಲು ಕಲಿತೆವು. ಹೆಂಡತಿಯ ಜೊತೆ ಜಗಳವಾಡಿದರೂ ಪಿಸುಮಾತಿನಲ್ಲೇ. ಇವತ್ತಿಗೂ ಈ ದೇಶದಲ್ಲಿ ಹಾಗೆ ಬದುಕಿ ಬಂದವರನ್ನು ನಾನು ಅವರ ದನಿಯಿಂದಲೇ ಗುರುತು ಹಿಡಿಯುತ್ತೇನೆ.

ಈಗ ನಮಗೆ ನಮ್ಮದೇ ಫ್ಲ್ಯಾಟ್ ಇದೆ. ಆದರೂ ಗುಂಡಿ ಮೇಲೇರುವುದಿಲ್ಲ. ನನ್ನ ಸ್ಟುಡಿಯೋ ಇರುವುದು ಮಗಳು ಅನಘಾಳ ಕೋಣೆಯ ಬಟ್ಟೆ ಕಪಾಟಿನ ಪಕ್ಕ. ಗೋಡೆಯಾಚೆ ಒಂದು ಈಜಿಪ್ಟಿನ ಕುಟುಂಬ, ಅವರ ಮನೆಯಲ್ಲಿ ಪುಟ್ಟ ಮಗು. ಗುಡುಗು ಸಿಡಿಲೂ ನನ್ನ ಕೈಯಲ್ಲಿ ಇರುವೆ ನಡೆದಂತೆ ಹುಟ್ಟಬೇಕು.

"ಅಪ್ಪ, ವೈ ಡೂ ಯೂ ಈವನ್ ಹ್ಯಾವ್ ಸ್ಪೀಕರ್ಸ್?" ಎಂದು ಅನಘಾ ಕೇಳಿದ್ದುಂಟು. ಉತ್ತರ ಕೊಡಲು ನನಗೆ ಇಂಗ್ಲಿಷು ಸಾಲಲಿಲ್ಲ.

ಅದು ಹೋದ ವರ್ಷದ ನಾಟಕದ ತಯಾರಿಯ ಸಮಯ. ಒಂದು ಸಂಜೆ ಕಾಗೆಯ ಸದ್ದು ಜೋಡಿಸುತ್ತಿದ್ದಾಗ ಎಡಗಡೆಯ ಸ್ಪೀಕರು ಸೊರಗಿದಂತೆ ಕೇಳಿತು. ನನಗೆ ಆಶ್ಚರ್ಯವಾಗಲಿಲ್ಲ. ಗುಂಡಿ ತೀರಾ ಕೆಳಗಿತ್ತು, ಪ್ಯಾಸಿವ್ ಡಬ್ಬಿಯ ಜಾತಕ ನನಗೆ ಗೊತ್ತೇ ಇತ್ತು. ವಯಸ್ಸಾಯಿತು, ಒಳಗಿನ ಹಾದಿ ಸವೆದಿದೆ ಎಂದುಕೊಂಡೆ. ಹೆಡ್‌ಫೋನ್ ಹಾಕಿ ನೋಡಿದೆ. ಅದರಲ್ಲೂ ಎಡಗಡೆ ಸಣ್ಣ. ಅದರ ಎಡಗಡೆಯ ವೈರು ಹಿಂದಿನಿಂದಲೇ ಲೂಸ್, ಹಾಗಾಗಿ ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ತಲೆಯೊಳಗೆ ಗುಂಯ್ ಎಂಬ ಸದ್ದೊಂದಿತ್ತು, ಎಸಿಯದು ಎಂದುಕೊಂಡೆ. ಕಿವಿ ಮುಚ್ಚಿದಂತೆ ಅನ್ನಿಸುತ್ತಿತ್ತು; ಅದೂ ಎಸಿಯ ಥಂಡಿ. ಏನೂ ಗೊತ್ತಿಲ್ಲದವನಾಗಿದ್ದರೆ ಅಂದೇ ಗಾಬರಿ ಬಿದ್ದು ಡಾಕ್ಟರ ಹತ್ತಿರ ಓಡುತ್ತಿದ್ದೆ. ನನಗೆ ಸೌಂಡಿನ ವಿದ್ಯೆ ಇತ್ತಲ್ಲ, ಪ್ರತಿಯೊಂದಕ್ಕೂ ಒಂದೊಂದು ಯಂತ್ರದ ಮೇಲೆ ಗೂಬೆ ಕೂರಿಸಿದೆ.

ಆ ವಾರವೇ ರಿಹರ್ಸಲ್. ಎಡಗಡೆ ಸೊರಗಿದೆ ಎಂದು ನಾನು ಕಾಗೆಗಳನ್ನೆಲ್ಲ ಎಡಕ್ಕೆ ಜೋರು ಮಾಡಿ ಕೊಂಡೊಯ್ದಿದ್ದೆ. ಊದ್ ಮೇಥಾದ ಹಾಲಿನಲ್ಲಿ ಎಡ ಸಾಲಿನಲ್ಲಿ ಕೂತಿದ್ದ ಹೆಂಗಸರು ಕಾಗೆ ಕೂಗಿದ ಕೂಡಲೇ ಕಿವಿ ಮುಚ್ಚಿಕೊಂಡರು.

"ಎಂತ ಮಾರಾಯ್ರೆ ಇದು? ನಿಮ್ಮ ಕಾಗೆ ಎಲ್ಲ ಒಂದೇ ಮರದಲ್ಲಿ ಕೂತಿದ್ದಾ?" ಎಂದರು ನಿರ್ದೇಶಕರು.

"ಡಬ್ಬಿ ಹಾಳಾಗಿದೆ. ಬದಲಿಸ್ತೇನೆ" ಎಂದೆ. ಬಾಯಿಂದ ಆ ಮಾತು ಬಂದಾಗ ನನಗೆ ನಿಜವಾಗಿ ಬೇಸರವಾಯಿತು. ಪಕ್ಷಾಂತರದ ಕಾಲ ಬಂದಿತ್ತು.

ಶನಿವಾರ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಸಂತಿಯನ್ನೂ ಕರೆದುಕೊಂಡು ಅಬುಧಾಬಿಗೆ ಹೊರಟೆ. ದಾರಿಯುದ್ದಕ್ಕೂ ಅವಳು ಮಾತಾಡಿದಳು, ನಾನು ಹೂಂಗುಟ್ಟಿದೆ. ಎಲ್ಲವೂ ಎಂದಿನ ಹಾಗೆಯೇ ಇತ್ತು.

ಮೊಯ್ದಿನ್ ನನ್ನನ್ನು ಕಂಡು ಗೆದ್ದವನ ಹಾಗೆ ನಕ್ಕ. ಸುಲೈಮಾನಿ ಚಾ ತರಿಸಿದ. ಒಳಗಿನ ಕೋಣೆಯಲ್ಲಿ ಒಂದು ಜೊತೆ ಮಾನಿಟರಿಗೆ ಹೊಸ ಆಕ್ಟಿವ್ ಕಂಟ್ರೋಲರ್ ಜೋಡಿಸಿ, ನನ್ನನ್ನು ಚಕ್ರದ ಕುರ್ಚಿಯಲ್ಲಿ ನಡುವೆ ಕೂರಿಸಿದ. ಬಾಗಿಲು ಎಳೆದುಕೊಂಡು ಒಂದು ಕೊಳಲಿನ ಸದ್ದು ಹಾಕಿದ. "ಈಗ ಹೇಳಿ. ಇದು ಎಷ್ಟು ಸಣ್ಣ ಮಾಡಿದ್ರೂ ಎಡ ಬಲ ತಕ್ಕಡಿ ಹಿಡಿದ ಹಾಗೆ."

"ಎಡ ಕಡಿಮೆ ಉಂಟು" ಎಂದೆ. ನನಗೆ ಒಳಗೊಳಗೇ ಖುಷಿಯಾಗಿತ್ತು. ಕರೆಂಟು ತಿನ್ನುವ ಡಬ್ಬಿಗೂ ಅದೇ ರೋಗ.

"ಕಡಿಮೆ ಇರ್ಲಿಕ್ಕಿಲ್ಲ."

"ಉಂಟು ಮಾರಾಯ. ನನ್ನ ಕಿವಿ ನಿನಗೆ ಗೊತ್ತಿಲ್ವಾ?"

ಮೊಯ್ದಿನ್ ಹಿಂದೆ ಹೋಗಿ ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿದ. ಡಬ್ಬಿಯ ತಪ್ಪಾದರೆ ಈಗ ಬಲಗಡೆ ಸೊರಗಬೇಕಿತ್ತು. ಸೊರಗಿದ್ದು ಎಡವೇ. "ಹಾಗಾದ್ರೆ ಸ್ಪೀಕರ್ ಹಾಳು" ಎಂದೆ. ಅವನು ಕುರ್ಚಿಯ ಬೆನ್ನು ಹಿಡಿದು ನನ್ನನ್ನು ಗೋಡೆಯ ಕಡೆಗೆ ತಿರುಗಿಸಿದ. ಈಗ ಎರಡೂ ಸ್ಪೀಕರು ನನ್ನ ಬೆನ್ನ ಹಿಂದೆ. ಇಷ್ಟು ಹೊತ್ತು ಬಲಗಡೆ ಚೆನ್ನಾಗಿ ಹಾಡುತ್ತಿದ್ದದ್ದು ನನ್ನ ಎಡಕ್ಕೆ ಬಂತು. ಬಂದ ಕೂಡಲೇ ಅದೂ ಸೊರಗಿತು.

ನಾನು ಗೋಡೆ ನೋಡುತ್ತಾ ಕೂತೆ. ಕೊಳಲು ಹಾಡುತ್ತಲೇ ಇತ್ತು, ಪೂರ್ತಿ ಬಲಗಡೆಯಿಂದ.

ಮೊಯ್ದಿನ್ ಮುಂದೆ ಬಂದು ಮಂಡಿಯೂರಿ ಕೂತ. ಇಷ್ಟು ವರ್ಷಗಳಲ್ಲಿ ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಕಂಡದ್ದು ಕಡಿಮೆ. "ಎಷ್ಟು ದಿನ ಆಯ್ತು?"

"ಈ ವಾರ."

"ನನ್ನ ಅಣ್ಣನಿಗೆ ಹೀಗೇ ಆದದ್ದು. ಮೇಣ ಕಟ್ಟಿದೆ ಅಂತ ಎಣ್ಣೆ ಬಿಟ್ಟು ಬಿಟ್ಟು ತಿಂಗಳು ಕಳೆದ. ಆಮೇಲೆ ಡಾಕ್ಟ್ರು ಹೇಳಿದ್ದು, ಮೊದಲ ವಾರವೇ ಬಂದಿದ್ರೆ ನೋಡ್ಬಹುದಿತ್ತು ಅಂತ. ಏಳಿ. ಯಲ್ಲಾ, ಈಗಲೇ ಹೋಗುವ."

"ದುಬೈಗೆ ಹೋಗಿ ನಾಳೆ ತೋರಿಸ್ತೇನೆ."

"ನಾಳೆ ಗೀಳೆ ಮಾಫಿ, ಇಲ್ಲವೇ ಇಲ್ಲ" ಎಂದು ಅವನು ಶಟರ್ ಎಳೆದೇಬಿಟ್ಟ. ಶನಿವಾರದ ಸಂಜೆ, ಅಂಗಡಿಯವನಿಗೆ ನಾಲ್ಕು ಕಾಸು ಹುಟ್ಟುವ ಹೊತ್ತು. ನಾನು ಅದನ್ನು ಮರೆಯುವುದಿಲ್ಲ.

ಅಲ್ಲೇ ಹತ್ತಿರದ ಆಸ್ಪತ್ರೆಯ ಡಾಕ್ಟರಮ್ಮ ಕಿವಿಗೆ ಬೆಳಕು ಬಿಟ್ಟು ನೋಡಿದರು, ಗಾಜಿನ ಕೋಣೆಯಲ್ಲಿ ಕೂರಿಸಿ ಬೀಪ್ ಸದ್ದುಗಳನ್ನು ಕೇಳಿಸಿದರು. ಮೇಣವಲ್ಲ, ಥಂಡಿಯಲ್ಲ, ಒಳಗಿನ ನರಕ್ಕೆ ಏನೋ ಆಗಿದೆ, ಕಾರಣ ಹೇಳುವುದು ಕಷ್ಟ ಎಂದರು. ಮಾತ್ರೆ ಇವತ್ತೇ ಶುರುವಾಗಬೇಕು. ತಡ ಮಾಡದೆ ಬಂದದ್ದು ಒಳ್ಳೆಯದಾಯಿತು, ಕೆಲವರಿಗೆ ಪೂರ್ತಿ ವಾಪಸು ಬರುತ್ತದೆ, ಕೆಲವರಿಗೆ ಅರ್ಧ, ಕೆಲವರಿಗೆ ಇಲ್ಲ. ಆಮೇಲೆ ವಾಸಂತಿಯ ಕಡೆ ತಿರುಗಿ, ಮನೆಯಲ್ಲಿ ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿದರು.

ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು. ನಮ್ಮ ಸಂಸಾರದ ಮುಕ್ಕಾಲು ಮಾತುಕತೆ ನಡೆಯುವುದು ಕಾರಿನಲ್ಲಿ. ಈ ದೇಶದಲ್ಲಿ ಸ್ಟೇರಿಂಗ್ ಎಡಗಡೆ. ನಾನು ಎಡಕ್ಕೆ, ಅವಳು ನನ್ನ ಬಲಕ್ಕೆ. ಅವಳ ಮಾತೆಲ್ಲ ಬೀಳುವುದು ನನ್ನ ಒಳ್ಳೆಯ ಕಿವಿಗೆ. ಊರಿನ ಕಾರಾಗಿದ್ದರೆ ಅವಳು ಎಡಕ್ಕಿರುತ್ತಿದ್ದಳು, ಮೊದಲ ಸಿಗ್ನಲಿನಲ್ಲೇ ನನ್ನನ್ನು ಹಿಡಿದುಹಾಕುತ್ತಿದ್ದಳು. ಫೋನನ್ನೂ ನಾನು ಹಿಡಿಯುವುದು ಬಲಗಿವಿಗೆ. ನನ್ನ ಎಡಗಡೆಯಲ್ಲಿ ಕೂತು ಏನಾದರೂ ಹೇಳುತ್ತಿದ್ದದ್ದು ಇಡೀ ಮನೆಯಲ್ಲಿ ಆ ಒಂದು ಸ್ಪೀಕರು ಮಾತ್ರ.

ಪ್ಯಾಸಿವ್ ಮೇಲೋ ಆಕ್ಟಿವ್ ಮೇಲೋ ಎಂಬ ನಮ್ಮ ವಾದ ಅಲ್ಲಿಗೆ ನಿಂತಿತು. ಮೊಯ್ದಿನ್ ತನ್ನ ಡಬ್ಬಿ ಗೆದ್ದಿತು ಎನ್ನುತ್ತಾನೆ, ಎಡ ಬಲ ಸಮ ಇದ್ದುದರಿಂದಲೇ ನನ್ನ ಕಿವಿ ಸಿಕ್ಕಿಬಿದ್ದದ್ದು ಎಂದು. ಒಪ್ಪುತ್ತೇನೆ. ಆದರೆ ನನ್ನ ಹಳೆಯ ಡಬ್ಬಿಗೆ ಆ ಕೆಟ್ಟ ಹೆಸರು ಇರದಿದ್ದರೆ ನಾನು ಅದನ್ನು ಬದಲಿಸಲು ಹೊರಡುತ್ತಿದ್ದೆನೇ? ಎಸಿಯನ್ನು ಬೈಯುತ್ತಾ ಮನೆಯಲ್ಲೇ ತಿಂಗಳು ಕಳೆಯುತ್ತಿದ್ದೆ. ತಾನು ಮಾಡದ ತಪ್ಪನ್ನು ಹೊತ್ತುಕೊಂಡು ಟವೆಲಿನಲ್ಲಿ ಸುತ್ತಿಸಿಕೊಂಡು ಅದು ನನ್ನನ್ನು ಅಬುಧಾಬಿಯವರೆಗೆ ಎಳೆದುಕೊಂಡು ಹೋಯಿತು. ಈಗ ಕೆಲಸಕ್ಕೆ ಆಕ್ಟಿವ್ ಇದೆ. ಹಳೆಯದಕ್ಕೆ ಪಿಂಚಣಿ ಕೊಟ್ಟು ನಡುಮನೆಯಲ್ಲಿ ಕೂರಿಸಿದ್ದೇನೆ.

ಆ ದಿನಗಳಲ್ಲಿ ನಾನು ಹೆದರಿದ್ದೆ. ಹೊರಗೆ ತಮಾಷೆ ಮಾಡುತ್ತಿದ್ದೆ, ಒಳಗೆ ಪುಕುಪುಕು. ಒಂದು ಕಿವಿ ಹೋದರೆ ಜೀವ ಹೋಗುವುದಿಲ್ಲ, ಕೆಲಸವೂ ಹೋಗುವುದಿಲ್ಲ. ಲಾರಿಗೆ ಚೌಕಟ್ಟು ಹತ್ತಿಸಲು ಒಂದು ಕಿವಿ ಧಾರಾಳ ಸಾಕು. ಆದರೆ ಕಾಗೆ ಯಾವ ಮರದಲ್ಲಿ ಕೂತಿದೆ ಎಂದು ತಿಳಿಯಲು ಎರಡು ಬೇಕು. ಆ ವರ್ಷದ ನಾಟಕದ ಸದ್ದನ್ನು ಕೊನೆಗೆ ಸರಿಮಾಡಿದ್ದು ಅನಘಾ. "ಯೂ ಸಿಟ್, ಅಪ್ಪ. ಎಂತ ಬೇಕು ಹೇಳಿ" ಎಂದು ನನ್ನ ಕುರ್ಚಿಯಲ್ಲಿ ತಾನು ಕೂತಳು. ಕಾಗೆಗಳನ್ನೆಲ್ಲ ಅವಳೇ ಬೇರೆ ಬೇರೆ ಮರಗಳಿಗೆ ಹಾರಿಸಿದಳು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಅವಳು ತಲೆ ವಾಲಿಸಿ ಕೇಳುವ ಬಗೆಯನ್ನು ನೋಡುತ್ತಿದ್ದೆ.

ಮಾತ್ರೆ ಶುರುವಾದ ಮೇಲೆ ಪ್ರತಿ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ವಾಸಂತಿ ಚಾ ತಂದಿಟ್ಟು ಸೋಫಾದಲ್ಲಿ ನನ್ನ ಎಡಗಡೆ ಕೂರುವಳು. ನಾನು ಕಣ್ಣು ಮುಚ್ಚಿ, ಬಲಗಿವಿಗೆ ಬೆರಳು ಒತ್ತಿಕೊಳ್ಳುವೆ. ಅವಳು ಮೆಲ್ಲಗೆ ಏನಾದರೂ ಹೇಳಿ ಭುಜ ತಟ್ಟುವಳು. ಮೊದಮೊದಲು ನನಗೆ ಗುಂಯ್ ಬಿಟ್ಟರೆ ಬೇರೇನೂ ಇಲ್ಲ. ಎಂತ ಹೇಳಿದ್ದು ಎಂದು ಕೇಳಿದರೆ, "ಚಾ ಕುಡೀರಿ ಅಂದದ್ದು" ಎನ್ನುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ನೀರಿನೊಳಗಿನಿಂದ ಯಾರೋ ಮಾತಾಡಿದ ಹಾಗೆ ಏನೋ ಬಂತು, ಆದರೆ ಮಾತು ಬಿಡಿಸಲಾಗಲಿಲ್ಲ. ಚಾ ಕುಡೀರಿ ಎನ್ನುವುದಕ್ಕಿಂತ ಅದು ಸ್ವಲ್ಪ ಉದ್ದವಿದೆ ಎಂದು ಮಾತ್ರ ಅನ್ನಿಸಿತು.

ಒಂದು ಬೆಳಿಗ್ಗೆ ಎಂದಿನಂತೆ ಬೆರಳು ಒತ್ತಿ ಕೂತಿದ್ದೆ. ಎಡಗಡೆಯಿಂದ ಮಾತು ಬಂತು. ತೆಳ್ಳಗೆ, ಆದರೆ ಒಂದೊಂದೂ ಬಿಡಿಬಿಡಿಯಾಗಿ, ಅವಳದೇ ದನಿಯಲ್ಲಿ.

"ಇಂಚನೇ ಒರಿಂಡಲಾ ಅಡ್ಡಿ ಇಜ್ಜಿ. ಯಾನ್ ಬಲತ ಬರಿಟ್ ಕುಲ್ಲುವೆ."

ನಾವು ಮನೆಯಲ್ಲಿ ಆಡುವುದು ತುಳು. ಹೀಗೇ ಉಳಿದುಬಿಟ್ಟರೂ ಅಡ್ಡಿಯಿಲ್ಲ, ನಾನು ಬಲಗಡೆ ಕೂತುಕೊಳ್ಳುತ್ತೇನೆ ಎನ್ನುತ್ತಿದ್ದಳು. ನನಗೆ ಕೇಳಿಸಲೆಂದು ಹೇಳಿದ ಮಾತಲ್ಲ ಅದು. ಹೇಳಿದ ಸಲೀಸಿನಿಂದಲೇ ಗೊತ್ತಾಯಿತು, ಇದು ಅವತ್ತು ಹೊಳೆದದ್ದೂ ಅಲ್ಲ. ಅಷ್ಟೂ ಬೆಳಗುಗಳಲ್ಲಿ ಅವಳು ಕಿವುಡಾದ ಈ ಕಿವಿಗೆ ಇದನ್ನೇ ಹೇಳುತ್ತಾ ಬಂದಿದ್ದಳು.

ಬಲಗಿವಿಯ ಬೆರಳು ತೆಗೆಯದೆ, ಕಣ್ಣೂ ತೆರೆಯದೆ, "ಬೊಡ್ಚಿ. ಮುಲ್ಪನೇ ಕುಲ್ಲು" ಎಂದೆ. ಬೇಡ, ಇಲ್ಲಿಯೇ ಕೂತಿರು ಎಂದು.

ಭುಜ ತಟ್ಟಲು ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನನ್ನ ಭುಜದ ಮೇಲೆ ಇಳಿಯಿತು. ಚಾ ಆರಿ ಕೆನೆಗಟ್ಟಿದರೂ ಅಲ್ಲಿಂದ ಏಳಲಿಲ್ಲ.